ಸಡಿಲವಾದ ಐದು, ಬಿಗಿಯಾದ ಮೂರು: ನೇತ್ರಾಣಿಯ ನೀರಿನಲ್ಲಿ ಮೂರು ವೆಟ್‌ಸೂಟ್‌ಗಳು

ಮುರುಡೇಶ್ವರದ ದಡದಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಸೆಕೆಗೆ ಬೆವರು ಇಳಿಯುತ್ತದೆ. ಅಂಥ ಊರಿನೆದುರಿನ ಸಮುದ್ರದಲ್ಲಿ ಚಳಿಗೆ ನಡುಗಿ ಬಂದೆ ಎಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ನೇತ್ರಾಣಿ ದ್ವೀಪದ ಬಳಿ ದಿನದ ಎರಡನೆಯ ಸ್ಕೂಬಾ ಡೈವ್ ಮುಗಿಸಿ ದೋಣಿ ಹತ್ತಿದಾಗ ಚಹಾದ ಲೋಟ ಹಿಡಿದ ನನ್ನ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ನೀರಿನ ಉಷ್ಣಾಂಶ 27 ಡಿಗ್ರಿ ಇತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಂದು ಡೈವ್‌ನಲ್ಲಿ ಅದು ತಿಳಿಯದಿರಬಹುದು. ಎರಡನೆಯದರಲ್ಲಿ, ಅದೂ ನನ್ನಂಥ ಸಣ್ಣ ಮೈಯವರಿಗೆ, ಚೆನ್ನಾಗಿಯೇ ತಿಳಿಯುತ್ತದೆ.

ಅಂದು ನಾನು ತೊಟ್ಟಿದ್ದು ಬಾಡಿಗೆಯ ಶಾರ್ಟಿ, ಅಂದರೆ ಮೈಗಂಟುವ ರಬ್ಬರಿನ ಡೈವಿಂಗ್ ಉಡುಪಾದ ವೆಟ್‌ಸೂಟಿನ ಗಿಡ್ಡ ರೂಪ. ತೋಳು ಮೊಣಕೈವರೆಗೆ, ಕಾಲು ಮೊಣಕಾಲಿಗಿಂತ ಮೇಲೆ, ದಪ್ಪ ಮೂರು ಮಿಲಿಮೀಟರ್. ಸೂಟು ಕೊಟ್ಟ ಹುಡುಗ, "ಅಕ್ಕಾ, ಸ್ವಲ್ಪ ದೊಡ್ಡದೇ ಇರಲಿ, ಉಸಿರಾಡಲು ಸುಲಭ" ಎಂದಿದ್ದ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ಆದರೆ ತಪ್ಪು ಸಲಹೆ. ಶಾರ್ಟಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೊದಲ ಸಲ ಅರ್ಧ ಗಂಟೆ ನೀರಿಗಿಳಿದು ಬರುವವರಿಗೆ ಸಾಕು. ಬಂಡೆಗೆ ಅಂಟಿದ ಚಿಪ್ಪುಗಳು ಮೀನಖಂಡವನ್ನು ಗೀರುತ್ತವೆ, ಅಂಬಲಿ ಮೀನು ಸವರಿ ಹೋದರೆ ಬರಿಯ ತೋಳು ಉರಿಯುತ್ತದೆ. ನನ್ನ ಮಟ್ಟಿಗೆ ಅದು ಅಲ್ಲಿಗೇ ಮುಗಿಯಿತು.

ನಿಜವಾದ ಪೈಪೋಟಿ ಇದ್ದದ್ದು ಉಳಿದ ಎರಡರ ನಡುವೆ. ಒಂದು, ಪರಿಚಯದವರಿಂದ ಕೊಂಡ ಐದು ಮಿಲಿಮೀಟರ್‌ನ ಪೂರ್ತಿ ಸೂಟು. ಅದು ನನ್ನ ಅಳತೆಗಿಂತ ಒಂದು ಸೈಜು ದೊಡ್ಡದು. ದಪ್ಪ ಇದ್ದರೆ ಬೆಚ್ಚಗಿರುತ್ತದೆ ಎಂದು ನಂಬಿ ಕೊಂಡೆ. ಇನ್ನೊಂದು, ಹೆಂಗಸರ ಮೈಕಟ್ಟಿಗೆಂದೇ ಕತ್ತರಿಸಿದ, ನನಗೆ ಸರಿಹೊಂದುವ ಮೂರು ಮಿಲಿಮೀಟರ್‌ನ ಪೂರ್ತಿ ಸೂಟು. ಒಂದೇ ವಾರಾಂತ್ಯದಲ್ಲಿ, ಶನಿವಾರ ಐದರದು, ಭಾನುವಾರ ಮೂರರದು, ಎರಡು ದಿನವೂ ಎರಡೆರಡು ಡೈವ್ ಮಾಡಿದೆ. ಅದೇ ಜಾಗ, ಅದೇ 16 ಮೀಟರ್ ಆಳ, ಅದೇ ಜೊತೆಗಾರ್ತಿ. ಮೇಲೆ 27 ಡಿಗ್ರಿ, ಕೆಳಗೆ 25.

ಐದರ ಸೂಟಿನಲ್ಲಿ ಮೊದಲ ಹತ್ತು ನಿಮಿಷ ಹಿತವಾಗಿತ್ತು. ಆಮೇಲೆ ಗಿಳಿಮೀನಿನ ಹಿಂಡೊಂದನ್ನು ನೋಡಲು ತಲೆ ತಿರುಗಿಸಿದೆ. ಕತ್ತಿನ ಹಿಂಬದಿಯಿಂದ ತಣ್ಣನೆಯ ನೀರಿನ ಎಳೆಯೊಂದು ಬೆನ್ನುಹುರಿಯ ಮೇಲೆಯೇ ಇಳಿದು ಸೊಂಟದ ಹಿಂದಿನ ಕುಳಿಯಲ್ಲಿ ನಿಂತಿತು. ಮುಂದೆ ಒಂದೊಂದು ಸಲ ಕಾಲು ಬಡಿದಾಗಲೂ ಆ ಕುಳಿಯ ನೀರು ಕದಡಿ ಹೊರಹೋಗುತ್ತಿತ್ತು, ಹೊಸ ನೀರು ಒಳಬರುತ್ತಿತ್ತು. ಮೈ ಕಷ್ಟಪಟ್ಟು ಬೆಚ್ಚಗಾಗಿಸಿದ್ದನ್ನೆಲ್ಲ ಸಮುದ್ರ ಒಯ್ಯುತ್ತಿತ್ತು. ಎರಡನೆಯ ಡೈವ್‌ನಲ್ಲಿ 34ನೆಯ ನಿಮಿಷಕ್ಕೆ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 60 ಬಾರ್‌ಗೆ ಇಳಿದು, ನಾನೇ ಮೇಲೇಳುವ ಸನ್ನೆ ಮಾಡಿದೆ.

ಭಾನುವಾರದ ಸೂಟನ್ನು ತೊಡುವುದೇ ಒಂದು ಕೆಲಸ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ಕಾಲು ತೂರಿಸಿ, ಉಗುರು ತಾಕದಂತೆ ಬೆರಳ ತುದಿಯಿಂದ ಇಷ್ಟಿಷ್ಟೇ ಮೇಲೆಳೆದುಕೊಳ್ಳಬೇಕು. ಆದರೆ ನೀರಿಗೆ ಹಾರಿದಾಗ ಒಳಗೆ ಬಂದದ್ದು ಒಂದು ತೆಳು ಪದರ ಮಾತ್ರ. ಅದು ಬಂದಲ್ಲೇ ನಿಂತಿತು. ಎರಡನೆಯ ಡೈವ್ 45 ನಿಮಿಷ ನಡೆಯಿತು, ಮೇಲೆ ಬಂದಾಗ 70 ಬಾರ್ ಇತ್ತು. ನಡುಗುವ ಮೈ ಹೆಚ್ಚು ಉಸಿರು ಬೇಡುತ್ತದೆ, ಆ ವ್ಯತ್ಯಾಸ ಮಾಪಕದಲ್ಲೇ ಕಾಣಿಸಿತ್ತು.

ಇದು ಹೀಗೇಕೆ ಎಂಬುದು ಆಮೇಲೆ ಓದಿದಾಗ ಸ್ಪಷ್ಟವಾಯಿತು. ಒಳಗೆ ಬಂದ ನೀರು ಮೈಶಾಖಕ್ಕೆ ಬಿಸಿಯಾಗಿ ನಮ್ಮನ್ನು ಕಾಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಕಾಯುವುದು ನೀರಲ್ಲ, ಸೂಟಿನ ರಬ್ಬರಾದ ನಿಯೋಪ್ರೀನ್‌ನೊಳಗಿನ ಸಾವಿರಾರು ಅನಿಲದ ಗುಳ್ಳೆಗಳು, ಕಂಬಳಿಯ ಉಣ್ಣೆಯೆಳೆಗಳ ನಡುವೆ ಸಿಕ್ಕ ಗಾಳಿಯ ಹಾಗೆ. ಮೈ ಒಣಗಿರಲೇಬೇಕೆಂದಿಲ್ಲ, ಬಟ್ಟೆಯೊಳಗೆ ಗುಳ್ಳೆಗಳಿದ್ದರೆ ಸಾಕು ಎಂಬ ಹೊಳಹು 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಅವರದು. ಒಳಗಿನ ನೀರು ಓಡಾಡಬಾರದು, ಅಷ್ಟೇ. ಅದು ಓಡಾಡತೊಡಗಿದರೆ ಗುಳ್ಳೆಗಳ ಪದರವನ್ನು ತಪ್ಪಿಸಿಕೊಂಡು ಚಳಿ ನೇರವಾಗಿ ಚರ್ಮಕ್ಕೆ ಬರುತ್ತದೆ. ಆಗ ಸೂಟು ಎಷ್ಟು ದಪ್ಪವಿದ್ದರೇನು?

ದಪ್ಪಕ್ಕೆ ಇನ್ನೊಂದು ತೊಡಕೂ ಇದೆ. ಹತ್ತು ಮೀಟರ್ ಕೆಳಗೆ ಒತ್ತಡ ಎರಡು ಪಟ್ಟಾಗಿ ಗುಳ್ಳೆಗಳು ಕುಗ್ಗುತ್ತವೆ, ಸೂಟು ತೆಳ್ಳಗಾಗುತ್ತದೆ. ಮೇಲೆ ತೇಲಿಸುತ್ತಿದ್ದ ಐದರ ಸೂಟಿಗೆ ನಾನು ಐದು ಕಿಲೋ ಸೀಸ ಕಟ್ಟಬೇಕಾಯಿತು, ಮೂರರದಕ್ಕೆ ಮೂರು ಸಾಕಾಯಿತು. ಆಳದಲ್ಲಿ ಸೂಟು ಕುಗ್ಗಿದಾಗ ಆ ಹೆಚ್ಚಿನ ಸೀಸ ಕೆಳಗೆಳೆಯುತ್ತದೆ. ಅದನ್ನು ಸರಿದೂಗಿಸಲು, ನೀರಿನಲ್ಲಿ ತೇಲುವುದನ್ನು ಹೊಂದಿಸುವ ಜಾಕೆಟ್ಟಿಗೆ ಮತ್ತೆ ಮತ್ತೆ ಗಾಳಿ ತುಂಬಬೇಕು.

ಹೊಲಿಗೆಯನ್ನೂ ನೋಡಿ. ನನ್ನ ಐದರ ಸೂಟಿನಲ್ಲಿ ಸೂಜಿ ಬಟ್ಟೆಯ ಆಚೆಗೂ ಹಾಯ್ದಿದೆ, ಪ್ರತಿ ತೂತೂ ನೀರಿಗೆ ದಾರಿ. ಮೂರರದರಲ್ಲಿ ಅಂಚುಗಳನ್ನು ಮೊದಲು ಅಂಟಿಸಿ, ಸೂಜಿ ಅರ್ಧ ದಪ್ಪಕ್ಕೆ ಮಾತ್ರ ಇಳಿಯುವಂತೆ ಹೊಲಿದಿದ್ದಾರೆ. ಬೆಚ್ಚಗಿನ ಸೂಟು ಬೇಕೆನ್ನುವವರು ಸ್ವಲ್ಪ ಹೆಚ್ಚು ಹಣ ಕೊಡಬೇಕಾದರೆ ಇದಕ್ಕೆ ಕೊಡಲಿ.

ಅಳತೆ ನೋಡುವ ಬಗೆಯನ್ನು ನಾನು ರವಿಕೆಯಿಂದಲೇ ಕಲಿತೆ ಎನ್ನಬೇಕು. ಕಂಕುಳಲ್ಲಿ ಸುಕ್ಕು ಬಿದ್ದರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ ಎಂದರ್ಥ. ರವಿಕೆಯಾದರೆ ಒಂದು ಹೊಲಿಗೆ ಒಳಗೆ ಹಿಡಿಸಬಹುದು, ಸೂಟಿನ ಸುಕ್ಕಿನಲ್ಲಿ ನೀರು ಮನೆ ಮಾಡುತ್ತದೆ. ಅಂಗಡಿಯಲ್ಲಿ ಸೂಟು ತೊಟ್ಟು, ಜಿಪ್ ಎಳೆದು, ಕುಕ್ಕರುಗಾಲಲ್ಲಿ ಕೂತು ಏಳಿ. ಕತ್ತಿನಿಂದ ಉಸ್ಸೆಂದು ಗಾಳಿ ಹೊರಬಂದರೆ ಎಲ್ಲೋ ಪೊಳ್ಳು ಇದೆ. ಸೊಂಟದ ಹಿಂದಿನ ಕುಳಿಯಲ್ಲಿ ಬಟ್ಟೆ ಮೈಗೆ ಹತ್ತಿದೆಯೇ ಎಂದು ಜೊತೆಗೆ ಬಂದವರಿಂದ ಒತ್ತಿಸಿ ನೋಡಿ. ಕೈಗಳನ್ನು ಮೇಲೆತ್ತಿದಾಗ ತೊಡೆಸಂದಿಯಲ್ಲಿ ಜಗ್ಗಿದರೆ ಮುಂಡದ ಉದ್ದ ಸಾಲದು. ಕತ್ತಿನ ವಿಷಯದಲ್ಲಿ ಮಾತ್ರ ಬಿಗಿಯನ್ನು ಸಹಿಸಿಕೊಳ್ಳಬೇಡಿ. ಎಂಜಲು ನುಂಗುವಾಗ ಒತ್ತಿದರೆ, ತಲೆ ತಿರುಗಿದಂತಾದರೆ ಆ ಸೂಟು ಬೇಡ. ಕತ್ತಿನ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ನೀರಿನೊಳಗೆ ಪ್ರಜ್ಞೆ ತಪ್ಪುವ ಅಪಾಯವಿದೆ.

ಮೂರರದು ಎಲ್ಲೆಡೆ ಸಾಕಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಂಪು ಸಮುದ್ರ ಚಳಿಗಾಲದಲ್ಲಿ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಗೆ ಹೋದರೆ ನಾನೂ ನನ್ನ ಅಳತೆಯ ಐದನ್ನೇ ತೊಡುತ್ತೇನೆ. ನೇತ್ರಾಣಿಗೆ, ಅಂಡಮಾನ್‌ಗೆ ಈ ಮೂರು ಸಾಕು. ಎರಡನೆಯ ಡೈವ್‌ಗೆ ಒಳಗಡೆ ಹುಡ್ ಇರುವ ತೆಳು ಬನಿಯನ್ ಸೇರಿಸುತ್ತೇನೆ, ಕತ್ತಿನ ದಾರಿ ಅದರಿಂದ ಮುಚ್ಚಿಹೋಗುತ್ತದೆ. ಎರಡು ಡೈವ್‌ಗಳ ನಡುವೆ ದೋಣಿಯಲ್ಲಿ ಒದ್ದೆ ಸೂಟಿಗೆ ಗಾಳಿ ಬೀಸಲು ಬಿಡುವುದಿಲ್ಲ, ಮೇಲೊಂದು ಮಳೆ ಕೋಟು ಹಾಕಿಕೊಳ್ಳುತ್ತೇನೆ.

ಐದರ ಸೂಟನ್ನು ನನ್ನ ಜೊತೆಗಾರ್ತಿಗೆ ಕೊಟ್ಟೆ. ಅವರು ನನಗಿಂತ ಒಂದು ಗೇಣು ಎತ್ತರ, ಭುಜವೂ ಅಗಲ. ಹೋದ ಫೆಬ್ರವರಿಯಲ್ಲಿ ಅದನ್ನು ತೊಟ್ಟು ಎರಡು ಡೈವ್ ಮುಗಿಸಿ ಬಂದವರು, ಸೆಕೆಯಾಗುತ್ತಿದೆ ಎಂದು ದೋಣಿಯಲ್ಲೇ ಜಿಪ್ ಇಳಿಸಿಕೊಂಡರು. ಅವರ ಕಂಕುಳಲ್ಲಿ ಒಂದು ಸುಕ್ಕೂ ಇರಲಿಲ್ಲ.