ಗೋರಿಕಲ್ಲು ಓದಲು ಕನ್ನಡಿ, ಎಲ್‌ಇಡಿ ಲೈಟು: ಕೆಜಿಎಫ್‌ನಲ್ಲಿ ಮೂರು ವರ್ಷ ಬಳಸಿದ ಮೇಲೆ

ಸವೆದ ಗೋರಿಕಲ್ಲಿನ ಅಕ್ಷರ ಓದಲು ದುಡ್ಡು ಹಾಕುವುದಾದರೆ ಮೊದಲು ಕನ್ನಡಿಗೆ ಹಾಕಿ, ಲೈಟು ಆಮೇಲೆ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಎರಡೇ ಸಾಮಾನು. ಒಂದು, ಗಾಜಿನಂಗಡಿಯಲ್ಲಿ ಒಂದಡಿಗೆ ಎರಡೂವರೆ ಅಡಿ ಅಳತೆಗೆ ಕತ್ತರಿಸಿಕೊಂಡ 4 ಎಂಎಂ ದಪ್ಪದ ಸಾದಾ ಕನ್ನಡಿ. ಇನ್ನೊಂದು, ಆನ್‌ಲೈನ್‌ನಲ್ಲಿ ಸಿಗುವ ಅಂಗೈ ಅಗಲದ, ಚಾರ್ಜ್ ಮಾಡಿ ಬಳಸುವ ಎಲ್‌ಇಡಿ ಪ್ಯಾನೆಲ್. ಎರಡನ್ನೂ ಕೆಜಿಎಫ್‌ನ ಕ್ಯಾಥೋಲಿಕ್ ಸಮಾಧಿಭೂಮಿಯಲ್ಲಿ ಮೂರು ಮಳೆಗಾಲ ದಾಟಿಸಿದ್ದಾಗಿದೆ. ಕನ್ನಡಿಗೆ ಐದಕ್ಕೆ ಐದು. ಲೈಟಿಗೆ ಎರಡೂವರೆ, ಅದೂ ಉತ್ತರಕ್ಕೆ ಮುಖ ಮಾಡಿದ ಕಲ್ಲುಗಳ ದಯೆಯಿಂದ.

ಕೆಜಿಎಫ್‌ನ ಕಲ್ಲುಗಳೇ ಯಾಕೆ ಕಷ್ಟ ಅಂದರೆ, ಅಲ್ಲಿ ಒಂದು ಥರದ ಕಲ್ಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ತಮಿಳು ನಾಡಿನ ಕೂಲಿಗಳು, ಆಂಗ್ಲೋ ಇಂಡಿಯನ್ನರು, ಇಂಗ್ಲೆಂಡು ಇಟಲಿಯ ಗಣಿಗಾರರು ಎಲ್ಲರೂ ಬಂದು ನೆಲೆಸಿದರು, ಅಲ್ಲೇ ಮಣ್ಣಾದರು. ಹಾಗಾಗಿ ಸೀಸದ ಅಕ್ಷರ ಕೂರಿಸಿದ ಅಮೃತಶಿಲೆಯ ಪಕ್ಕದಲ್ಲೇ ಉಳಿಯಲ್ಲಿ ಕೊರೆದ ಒರಟು ಚಪ್ಪಡಿ. ಅದರ ಪಕ್ಕ, ಸಿಮೆಂಟು ಹಸಿ ಇರುವಾಗ ಮೊಳೆಯಲ್ಲಿ ಗೀಚಿ ಹೆಸರು ಬರೆದ ಶಿಲುಬೆ. ಈಚಿನವೆಲ್ಲ ಪಾಲಿಶ್ ಮಾಡಿದ ಕಪ್ಪು ಗ್ರಾನೈಟು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಯವರು ಊರು ಬಿಟ್ಟರು, ಅಜ್ಜ ಮುತ್ತಜ್ಜನ ಹೆಸರು ಮಾತ್ರ ಕಲ್ಲಿನಲ್ಲಿ ಉಳಿಯಿತು. ಸಾಲದ್ದಕ್ಕೆ ಸೈನೈಡ್ ಗುಡ್ಡಗಳಿಂದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಸುರಿದ ರಾಶಿಗಳಿಂದ, ಗಾಳಿಗೆ ಹಾರಿ ಬರುವ ಹಿಟ್ಟಿನಂಥ ದೂಳು ಅಕ್ಷರದ ಗೀರಿನಲ್ಲಿ ಕೂತು, ಮಳೆಗೆ ನೆನೆದು ಗಟ್ಟಿಯಾಗುತ್ತದೆ.

ಕಲ್ಲು ಓದುವ ಗುಟ್ಟೆಲ್ಲ ಇರುವುದು ಓರೆ ಬೆಳಕಿನಲ್ಲಿ. ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹತ್ತರಿಂದ ಇಪ್ಪತ್ತು ಡಿಗ್ರಿ ಕೋನದಲ್ಲಿ ಹಾಯ್ದರೆ ಅರ್ಧ ಮಿಲಿಮೀಟರ್ ಆಳದ ಗೀರಿಗೂ ನೆರಳು ಬೀಳುತ್ತದೆ. ಎದುರಿನಿಂದ ಬಿದ್ದರೆ ನೆರಳೂ ಇಲ್ಲ, ಅಕ್ಷರವೂ ಇಲ್ಲ. "ಬೆಳಗಿನ ಎಳೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ" ಎಂಬ ಸಲಹೆ ಪೂರ್ವಕ್ಕೆ ಮುಖ ಮಾಡಿ ನಿಂತ ಕಲ್ಲಿಗೆ ಪೂರ್ತಿ ತಪ್ಪು. ಆ ಹೊತ್ತಿನಲ್ಲಿ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿರುತ್ತದೆ. ಅಂಥ ಕಲ್ಲಿಗೆ ಸರಿಯಾದ ಹೊತ್ತು ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ, ಬಿಸಿಲು ಮುಖ ಬಿಟ್ಟು ತಲೆಯ ಮೇಲೆ ಹೋಗುವ ಆ ಇಪ್ಪತ್ತು ಮೂವತ್ತು ನಿಮಿಷ. ಪಶ್ಚಿಮದ ಮುಖಕ್ಕೆ ಹನ್ನೆರಡು ದಾಟಿದ ಮೇಲೆ. ದಕ್ಷಿಣದ ಮುಖಕ್ಕೆ ಚಳಿಗಾಲದ ಬೆಳಗ್ಗೆ ಅಥವಾ ಸಂಜೆ, ಪಕ್ಕದಿಂದ ಬೀಳುವ ಬಿಸಿಲು. ನೆಲಕ್ಕೆ ಹಾಸಿದ ಚಪ್ಪಡಿಗೆ ಮಾತ್ರ ಎಳೆ ಬಿಸಿಲೇ ಸರಿ.

ಉತ್ತರಕ್ಕೆ ಮುಖ ಮಾಡಿದ್ದರೆ? ಕೆಜಿಎಫ್ ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆವರೆಗೆ ಆ ಮುಖಕ್ಕೆ ಬಿಸಿಲೇ ಬೀಳುವುದಿಲ್ಲ. ಕೆಲಸಕ್ಕೆ ಹವೆ ಚೆನ್ನಾಗಿರುವುದೂ ಅದೇ ಆರು ತಿಂಗಳು.

ಅಲ್ಲಿಗೆ ಕನ್ನಡಿ ಬೇಕು. ಒಬ್ಬರು ಬಿಸಿಲಿನಲ್ಲಿ, ಕಲ್ಲಿನಿಂದ ಮೂರು ನಾಲ್ಕು ಮೀಟರ್ ಪಕ್ಕಕ್ಕೆ, ಕಲ್ಲಿನ ಮುಖಕ್ಕಿಂತ ಒಂದು ಹೆಜ್ಜೆ ಮುಂದೆ ನಿಲ್ಲಬೇಕು. ಮೊದಲು ಬೆಳಕನ್ನು ನೆಲದ ಮೇಲೆ ಬೀಳಿಸಿ, ಅಲ್ಲಿಂದ ಮೆಲ್ಲಗೆ ಜರುಗಿಸಿ ಕಲ್ಲಿನ ಮೇಲೆ ತರಬೇಕು, ಇಲ್ಲದಿದ್ದರೆ ಫೋಟೋ ತೆಗೆಯುವವರ ಕಣ್ಣಿಗೇ ಹೊಡೆಯುತ್ತದೆ. ಲಂಬವಾದ ಗೀರು ಪಕ್ಕದ ಬೆಳಕಿಗೆ ಏಳುತ್ತದೆ, ಅಡ್ಡ ಗೀರು ಮೇಲಿನ ಬೆಳಕಿಗೆ. ಆದ್ದರಿಂದ ಒಂದೇ ಫೋಟೋ ಸಾಲದು: ಎಡದಿಂದ ಒಂದು, ಬಲದಿಂದ ಒಂದು, ಸಾಧ್ಯವಾದರೆ ಮೇಲಿನಿಂದ ಇನ್ನೊಂದು. ಕೆಳಗಿನಿಂದ ಬೆಳಕು ಬಿಡಬೇಡಿ, ಕೊರೆದ ಅಕ್ಷರ ಉಬ್ಬಿದಂತೆ ಕಂಡು ಕಣ್ಣು ಮೋಸ ಹೋಗುತ್ತದೆ. ಕನ್ನಡಿ ಎಷ್ಟು ದೊಡ್ಡದೋ ಬೆಳಕಿನ ಚೌಕವೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಎತ್ತರದ ಕಲ್ಲಿಗೆ ಮೇಲರ್ಧ ಕೆಳಗರ್ಧ ಎಂದು ಎರಡು ಸಲ ತೆಗೆಯಬೇಕು. ನಾಲ್ಕಡಿ ಉದ್ದದ ಕನ್ನಡಿಯೇ ಇರಲಿ ಎಂದು ಆಸೆಪಡಬೇಡಿ. ಅದು ಗಾಜೊಂದೇ ನಾಲ್ಕು ಕೆಜಿ ಹತ್ತಿರ ತೂಗುತ್ತದೆ, ಅರ್ಧ ಗಂಟೆಗೆ ಕೈ ನಡುಗಿ ಬೆಳಕೂ ನಡುಗುತ್ತದೆ. ನಮ್ಮದು ಹಿಂಬದಿಗೆ 6 ಎಂಎಂ ಪ್ಲೈವುಡ್ ಅಂಟಿಸಿಯೂ ಮೂರು ಕೆಜಿ ಚಿಲ್ಲರೆ. ಅಕ್ರಿಲಿಕ್ ಕನ್ನಡಿ ಒಡೆಯುವುದಿಲ್ಲ ನಿಜ, ಆದರೆ ಬಿಸಿಲಿಗೆ ಬಾಗಿ ಬೆಳಕು ನೀರಿನ ಅಲೆಯ ಥರ ಒಡೆದು ಬೀಳುತ್ತದೆ.

ಮೂರು ವರ್ಷದಲ್ಲಿ ಕನ್ನಡಿಗೆ ಬಂದ ತೊಂದರೆ ಒಂದೇ. ಅಂಚಿನಿಂದ ತೇವ ನುಗ್ಗಿ ಹಿಂಬದಿಯ ಬೆಳ್ಳಿ ಲೇಪ ಕಪ್ಪಾಗುತ್ತಾ ಒಳಗೆ ಸರಿಯಿತು. ತಂದ ದಿನವೇ ನಾಲ್ಕೂ ಅಂಚಿಗೆ ಆಯಿಲ್ ಪೇಂಟ್ ಎಳೆದು ಟೇಪ್ ಸುತ್ತಿದ್ದರೆ ಇದೂ ಬರುತ್ತಿರಲಿಲ್ಲ. ಇನ್ನೊಂದು ಮಾತು: ಕೈ ಸೋತಾಗ ಕನ್ನಡಿಯನ್ನು ಯಾವ ಶಿಲುಬೆಗೂ ಒರಗಿಸಬೇಡಿ. ಹಳೇ ಶಿಲುಬೆಗಳಲ್ಲಿ ಬುಡ ಸಡಿಲವಾಗಿ ಬರೀ ತೂಕದ ಮೇಲೆ ನಿಂತವು ಬಹಳ.

ಇನ್ನು ಲೈಟು. ಹಾಡಹಗಲು ಬಿಸಿಲಿನ ಎದುರು ಈ ಪ್ಯಾನೆಲ್ ಬೆಳಕು ಮಿಣುಕು ಹುಳ. ಕಲ್ಲಿಗೆ ಮೊದಲು ನೆರಳು ಮಾಡಬೇಕು. ಕೊಡೆ ಸಾಲುವುದಿಲ್ಲ, ಕರಿ ಕಂಬಳಿ ಹಿಡಿದರೆ ಸರಿ. ಪ್ಯಾನೆಲ್‌ನ ದೊಡ್ಡ ಐಬು ಎಂದರೆ ಅದರ ಬೆಳಕೇ ಮೆತ್ತಗೆ: ಅಗಲವಾದ ಮೂಲದಿಂದ ಬರುವ ಬೆಳಕು ನೆರಳಿನ ಅಂಚನ್ನು ಕಲಸಿಬಿಡುತ್ತದೆ. ಮುಖ ಚಂದ ಕಾಣಲಿ ಎಂದು ವಿಡಿಯೋ ಮಾಡುವವರಿಗಾಗಿ ಮಾಡಿದ ಸಾಮಾನು ಅದು. ಮುಂದಿನ ಬಿಳಿ ಮುಚ್ಚಳ ತೆಗೆದು ಹಾಕಿದರೆ ಸ್ವಲ್ಪ ಮೇಲು. ಒಂದೇ ಬಲ್ಬಿನ ಟಾರ್ಚು, ಒಂದೂವರೆ ಮೀಟರ್ ದೂರದಿಂದ ಹಿಡಿದರೆ, ಇದಕ್ಕಿಂತ ಚೂಪಾದ ನೆರಳು ಕೊಡುತ್ತದೆ. ಹತ್ತಿರ ಹಿಡಿದರೆ ನಡುವೆ ಬೆಳ್ಳಗೆ, ಸುತ್ತ ಕತ್ತಲೆ.

ಬ್ಯಾಟರಿ ವಿಷಯ ಹೇಳಲೇಬೇಕು. ಹೊಸದರಲ್ಲಿ ಪೂರ್ತಿ ಬೆಳಕಿಗೆ ಎರಡು ಗಂಟೆ ಬರುತ್ತಿದ್ದದ್ದು ಈಗ ಐವತ್ತು ನಿಮಿಷಕ್ಕೆ ಇಳಿದಿದೆ. ಒಳಗಿನ ಲಿಥಿಯಂ ಸೆಲ್ ಬೆಸುಗೆ ಹಾಕಿದ್ದು, ಬದಲಿಸಲು ರಿಪೇರಿಯವರ ಹತ್ತಿರ ಹೋಗಬೇಕು. ಎರಡನೇ ವರ್ಷಕ್ಕೇ ಮೈಕ್ರೋ ಯುಎಸ್‌ಬಿ ತೂತು ದೂಳು ತಿಂದು ಸಡಿಲವಾಯಿತು. ಹೊಸದಾಗಿ ಕೊಳ್ಳುವವರು ಮೂರು ನೋಡಿ: ಟೈಪ್-ಸಿ ಚಾರ್ಜಿಂಗ್, ಹೊರತೆಗೆಯಬಹುದಾದ 18650 ಸೆಲ್ (ಕೊಳವೆಯಾಕಾರದ ಲಿಥಿಯಂ ಸೆಲ್), ಪವರ್‌ಬ್ಯಾಂಕಿಗೆ ಸಿಕ್ಕಿಸಿದಾಗಲೂ ಲೈಟು ಉರಿಯುವುದು. ಕೆಲವು ಲೈಟುಗಳು ಚಾರ್ಜ್ ಆಗುವಾಗ ಆರಿಹೋಗುತ್ತವೆ, ಅವು ಇಲ್ಲಿ ದಂಡ. ಬೆಳಕಿನ ಬಣ್ಣ ಬದಲಿಸುವ ಗುಂಡಿಗೆ ಹೆಚ್ಚು ದುಡ್ಡು ಕೊಡಬೇಡಿ, ಕಲ್ಲಿಗೆ ಅದರಿಂದ ಏನೂ ಇಲ್ಲ. ಕಪ್ಪು ಗ್ರಾನೈಟಿಗಂತೂ ಕನ್ನಡಿಯೂ ಬೇಡ, ಲೈಟೂ ಬೇಡ. ಅದೇ ಒಂದು ಕನ್ನಡಿ. ನೆರಳಿನ ಹೊತ್ತಿನಲ್ಲಿ, ಫೋಟೋ ತೆಗೆಯುವವರ ಹಿಂದೆ ಅದೇ ಕಂಬಳಿ ಹಿಡಿದು, ಕೊಂಚ ಓರೆಯಾಗಿ ನಿಂತು ತೆಗೆದರೆ ಮುಗಿಯಿತು.

ಫೋನಿನಲ್ಲಿ ಫ್ಲ್ಯಾಶ್ ಆಫ್ ಮಾಡುವುದು ಎಲ್ಲರಿಗೂ ಹೊಳೆಯುತ್ತದೆ, ಎಚ್‌ಡಿಆರ್ ಆಫ್ ಮಾಡುವುದು ಹೊಳೆಯುವುದಿಲ್ಲ. ಎಚ್‌ಡಿಆರ್ ಕೆಲಸವೇ ನೆರಳನ್ನು ತಿಳಿ ಮಾಡುವುದು. ನಾವು ಕಷ್ಟಪಟ್ಟು ಬೀಳಿಸಿದ ನೆರಳನ್ನು ಅದು ಅಳಿಸಿಹಾಕುತ್ತದೆ.

ಯಾವ ಬೆಳಕಿಗೂ ಬಗ್ಗದ್ದು ಸುಣ್ಣ. ನವೆಂಬರ್ 2ರ ಮೃತರ ಸ್ಮರಣೆಗೆ, ಅಂದರೆ ತಮಿಳಿನವರ ಕಲ್ಲರೈ ತಿರುನಾಳಿಗೆ, ಮನೆಯವರು ಬಂದು ಕಳೆ ಕಿತ್ತು ಗೋರಿಗೆ ಸುಣ್ಣ ಬಳಿಯುತ್ತಾರೆ. ವರ್ಷಕ್ಕೊಂದು ಪದರ ಏರಿ ಅಕ್ಷರ ತುಂಬಿಹೋಗುತ್ತದೆ. ಅದನ್ನು ಕೆರೆಯುವುದು ನಮ್ಮ ಹಕ್ಕಲ್ಲ, ಅದು ಆ ಮನೆಯವರ ಭಕ್ತಿ. ಜೊತೆಗೆ, ಸುಣ್ಣದ ಕೆಳಗಿರುವುದು ಹಳೇ ಗಾರೆಯಾದರೆ ಅಕ್ಷರವೂ ಕಿತ್ತು ಬರುತ್ತದೆ. ಹಬ್ಬದ ದಿನ ಅಲ್ಲೇ ಇದ್ದು ಕೇಳುವುದೇ ಮೇಲು, ಒಳಗೆ ಮಲಗಿರುವವರು ಯಾರೆಂದು ಬಳಿಯುವವರಿಗೆ ಗೊತ್ತಿರುತ್ತದೆ. ಅಕ್ಷರಕ್ಕೆ ಹೊಸದಾಗಿ ಕಪ್ಪು ಬಣ್ಣ ತುಂಬಿದ್ದರೆ ಕಣ್ಣುಮುಚ್ಚಿ ನಂಬಬೇಡಿ. 1918ರ 8 ಸವೆದು 3ರಂತೆ ಕಂಡು, ಪೇಂಟರ್ 1913 ಎಂದೇ ತಿದ್ದಿರಬಹುದು. ಬಣ್ಣದ ಕೆಳಗಿನ ಗೀರು ಓರೆ ಬೆಳಕಿಗೆ ಬೇರೆಯೇ ಕಾಣುತ್ತದೆ.

ತೊಳೆಯಲು ಬರೀ ನೀರು, ಸ್ಪ್ರೇ ಬಾಟಲಿ, ಮೆತ್ತನೆಯ ನೈಲಾನ್ ಬ್ರಷ್. ಗಟ್ಟಿ ಕಲ್ಲಾದರೆ ನೀರು ಸಿಂಪಡಿಸಿ ಮೇಲ್ಮೈ ಮಾತ್ರ ಬಟ್ಟೆಯಲ್ಲಿ ಒರೆಸಿ, ಗೀರಿನೊಳಗೆ ಉಳಿದ ತೇವ ಅಕ್ಷರವನ್ನು ಕಪ್ಪಾಗಿ ಎತ್ತಿ ತೋರಿಸುತ್ತದೆ. ತಂತಿ ಬ್ರಷ್, ಬ್ಲೀಚಿಂಗ್ ಪುಡಿ, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹತ್ತಿರವೂ ತರಬೇಡಿ. ಆ್ಯಸಿಡ್ ಅಮೃತಶಿಲೆಯನ್ನೂ ಸಿಮೆಂಟನ್ನೂ ನೊರೆ ಬರಿಸಿ ತಿನ್ನುತ್ತದೆ. ಮೈದಾ ಹಿಟ್ಟು, ಶೇವಿಂಗ್ ಕ್ರೀಮ್ ಸವರಿ ಓದುವ ವಿಡಿಯೋಗಳೂ ಇವೆ. ಹಿಟ್ಟು ತೂತಿನಲ್ಲಿ ಉಳಿದರೆ ಬೂಷ್ಟು ಬರುತ್ತದೆ, ಕ್ರೀಮಿನಲ್ಲಿ ಸ್ಟಿಯರಿಕ್ ಆ್ಯಸಿಡ್ ಇರುತ್ತದೆ. ಅಮೃತಶಿಲೆಯ ಸೀಸದ ಅಕ್ಷರ ಉದುರಿಹೋಗಿದ್ದರೆ ನಿರಾಶೆ ಬೇಡ. ಸೀಸ ಹಿಡಿದು ನಿಲ್ಲಲೆಂದು ಕೊರೆದ ಚಿಕ್ಕ ಚಿಕ್ಕ ತೂತು ಉಳಿದಿರುತ್ತದೆ, ಚುಕ್ಕಿ ಸೇರಿಸಿ ರಂಗೋಲಿ ಎಳೆದ ಹಾಗೆ ಅವನ್ನು ಸೇರಿಸಿದರೆ ಅಕ್ಷರ ಸಿಗುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಕಾಂಗ್ರೆಸ್ ಗಿಡ ಮೈಗೆ ತಾಕಿದರೆ ವಾರಗಟ್ಟಲೆ ತುರಿಕೆ.

ಯಾವ ಫೋಟೋ ಯಾವ ಗೋರಿಯದೆಂದು ಗುರುತಿಡಲು ಫೋನಿನ ಜಿಪಿಎಸ್ ಒಂದೇ ಸಾಕು ಎನ್ನುವವರಿಗೆ: ಬಯಲಿನಲ್ಲೂ ಅದು ಐದು ಮೀಟರ್‌ವರೆಗೆ ಆಚೀಚೆ ತೋರಿಸುತ್ತದೆ. ಒತ್ತಾಗಿರುವ ಗೋರಿಗಳ ನಡುವೆ ಅಷ್ಟು ಸುತ್ತಳತೆಯಲ್ಲಿ ಇಪ್ಪತ್ತಾದರೂ ಗೋರಿ ಬರುತ್ತವೆ. ಆದ್ದರಿಂದ ಗೇಟಿನಿಂದ ಸಾಲು ಎಣಿಸಿ, ಸಾಲಿನಲ್ಲಿ ಕಲ್ಲು ಎಣಿಸಿ, ಏಳನೇ ಸಾಲಿನ ಹನ್ನೆರಡನೇ ಕಲ್ಲಿಗೆ 07-12 ಎಂಬಂತೆ ನಂಬರು ಬರೆದ ಸ್ಲೇಟನ್ನು ಮೊದಲ ಫೋಟೋದಲ್ಲೇ ಸೇರಿಸಬೇಕು. ಹೆಸರಿಲ್ಲದ ಗೋರಿಗೂ ನಂಬರು ಕೊಡಿ, ಇಲ್ಲದಿದ್ದರೆ ಮುಂದಿನ ವರ್ಷ ಎಣಿಕೆ ಕೂಡುವುದಿಲ್ಲ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಜಾಗದ ಮಾಹಿತಿ ಬಿದ್ದುಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಬ್ಬರು ಸೇರಿ ಮೂರು ಗಂಟೆ ದುಡಿದರೆ ಇಪ್ಪತ್ತೈದು ಮೂವತ್ತು ಕಲ್ಲು, ಅದಕ್ಕಿಂತ ಹೆಚ್ಚು ಓಡಿಸಿದರೆ ತಪ್ಪು ಖಂಡಿತ.

ಬರೆದುಕೊಳ್ಳುವಾಗ ಕಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ, ಕಾಗುಣಿತ ತಿದ್ದದೆ, ಸಾಲು ಮುರಿದ ಕಡೆ ಓರೆಗೆರೆ, ಅನುಮಾನದ ಅಕ್ಷರಕ್ಕೆ ಪ್ರಶ್ನೆಚಿಹ್ನೆ. ತಮಿಳು ಕಲ್ಲಿನಲ್ಲಿ ಒಂದು ಬಲೆ ಇದೆ. ಹುಟ್ಟು ಎನ್ನಲು ಪಿರಪ್ಪು, ಸಾವು ಎನ್ನಲು ಇರಪ್ಪು: ಮೊದಲ ಅಕ್ಷರ ಸವೆದರೆ ಎರಡೂ ಒಂದೇ. ಒಂದೇ ತಾರೀಖು ಉಳಿದಿದ್ದರೆ ಅದು ಯಾವುದೆಂದು ಊಹಿಸಿ ಬರೆಯಬೇಡಿ. "34 ವರ್ಷ" ಎಂದು ವಯಸ್ಸು ಮಾತ್ರ ಇದ್ದರೆ ಹುಟ್ಟಿದ ವರ್ಷ ಒಂದಲ್ಲ, ಎರಡರಲ್ಲಿ ಒಂದು. ಗಂಡಹೆಂಡಿರ ಜೋಡಿ ಕಲ್ಲಿನಲ್ಲಿ ಬದುಕಿರುವವರ ಹೆಸರನ್ನೂ ಮುಂಚಿತವಾಗಿ ಕೆತ್ತಿಸಿರುತ್ತಾರೆ, ಸಾವಿನ ತಾರೀಖಿನ ಜಾಗ ಖಾಲಿ. ಅಂಥವನ್ನು ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್‌ನಂಥ, ಗೋರಿಗಳ ಫೋಟೋ ಸೇರಿಸುವ ತಾಣಕ್ಕೆ ಏರಿಸಬೇಡಿ. ಫೋಟೋ ತೆಗೆಯಲು ಧರ್ಮಕೇಂದ್ರದ ಫಾದರ್ ಕೊಟ್ಟ ಒಪ್ಪಿಗೆ ಬೇರೆ, ಆನ್‌ಲೈನ್‌ಗೆ ಹಾಕಲು ಒಪ್ಪಿಗೆ ಬೇರೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಕೇಳಿ.

ಕಲ್ಲು ಓದಿದ ಮೇಲೆ ಚರ್ಚಿನ ಸಾವಿನ ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. 1960ರ ದಶಕಕ್ಕೆ ಮುಂಚಿನವು ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿರುತ್ತವೆ, ಹೆಸರೂ ಬದಲು. ಕಲ್ಲಿನ ರಾಯಪ್ಪನ್ ಅಲ್ಲಿ ಪೇತ್ರುಸ್, ಚಿನ್ನಪ್ಪನ್ ಎಂದರೆ ಪೌಲುಸ್, ಸೂಸೈ ಯೋಸೆಫುಸ್, ಅರುಳಪ್ಪನ್ ಯೊವಾನ್ನೆಸ್, ನಮ್ಮ ಚೌರಪ್ಪ ಅಥವಾ ತಮಿಳಿನವರ ಸವರಿಮುತ್ತು ಕ್ಸಾವೇರಿಯುಸ್. "ವಿದುವಾ" ಎಂದಿದ್ದರೆ ವಿಧವೆ, ಗಂಡನ ಹೆಸರು ಪಕ್ಕದಲ್ಲೇ ಇರುತ್ತದೆ, ಅದನ್ನು ಬಿಡಬೇಡಿ. ಬೆಂಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್‌ರ ಆಡಳಿತಕ್ಕೆ ಸೇರಿದ ಪ್ರದೇಶ) ಆದದ್ದು 1940ರಲ್ಲಿ, ಅದಕ್ಕೆ ಮುಂಚಿನ ಕಾಗದಗಳಲ್ಲಿ ಮೈಸೂರು ಎಂದು ಕಂಡರೆ ಪುಟ ತಪ್ಪಿತೆಂದು ಮಗುಚಬೇಡಿ. ಒಂದೇ ಗುಂಡಿಯಲ್ಲಿ ವರ್ಷಗಳ ಅಂತರದಲ್ಲಿ ಮನೆಯ ಮೂರು ನಾಲ್ಕು ಜನರನ್ನು ಇಟ್ಟಿರುವುದೂ ಉಂಟು, ಕಲ್ಲಿನ ಮೇಲಿರುವುದು ಕೊನೆಯವರ ಹೆಸರು ಮಾತ್ರ. ಉಳಿದವರು ಸಿಗುವುದು ರಿಜಿಸ್ಟರಿನಲ್ಲೇ, ಅಲ್ಲಿಗೆ ಹೋಗುವಾಗ ಕನ್ನಡಿ ಮನೆಯಲ್ಲಿ ಬಿಟ್ಟು ಭೂತಗನ್ನಡಿ ಒಯ್ಯಿರಿ.