ಫ್ಯಾಮಿಲಿಸರ್ಚ್ ರಿವ್ಯೂ: ಮನೆತನದ ಮರ ಬರೆಯೋಕೆ ಇದೇ ಬೆಸ್ಟ್, ಆದ್ರೆ ಕಳೆದುಹೋದ ನೆಂಟರು ಸಿಗೋದು ಪಹಣಿಯಲ್ಲಿ

ವಂಶವೃಕ್ಷ ಮಾಡೋಕೆ ಯಾವ ಆಪ್ ಒಳ್ಳೇದು ಅಂತ ಕೇಳೋರಿಗೆಲ್ಲ ನಾನು ಹೇಳೋದು ಫ್ಯಾಮಿಲಿಸರ್ಚ್. ಪೂರ್ತಿ ಫ್ರೀ, ಮಧ್ಯೆ ಮಧ್ಯೆ ಪ್ರೀಮಿಯಂ ತಗೊಳ್ಳಿ ಅಂತ ಕಾಟ ಇಲ್ಲ, ಫೋನಲ್ಲೂ ಕಂಪ್ಯೂಟರಲ್ಲೂ ನಡೆಯತ್ತೆ, ಹೆಸರುಗಳನ್ನ ಕನ್ನಡದಲ್ಲೇ ಟೈಪ್ ಮಾಡಬಹುದು. ಆದ್ರೆ ಇದನ್ನ ಹಾಕ್ಕೊಂಡ್ ತಕ್ಷಣ ಮುತ್ಯಾನ (ಅಜ್ಜನ) ಮುತ್ಯಾ ಸಿಕ್ಕಿಬಿಡ್ತಾನೆ ಅಂದ್ಕೋಬೇಡಿ, ಅಮೆರಿಕದವರಿಗೆ ಹಾಗೆ ಸಿಗಬಹುದು, ನಮಗೆ ಸಿಗಲ್ಲ. ನಮ್ಮದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಹಳ್ಳಿ, ಒಕ್ಕಲುತನದ ಮನೆ. ನಮ್ಮ ಮುತ್ಯಾನ ತಮ್ಮ, ಅಂದ್ರೆ ಸಣ್ಣ ಮುತ್ಯಾ, 1972ರ ಬರದಲ್ಲಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಮುಂಬೈ ಮಿಲ್ಲಿಗೆ ದುಡಿಯೋಕೆ ಹೋದವರು, 1982ರ ಮಿಲ್ ಸ್ಟ್ರೈಕ್ ಆದ್ಮೇಲೆ ಅವರ ಸುದ್ದೀನೇ ಇರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಈಗ ಸಿಕ್ಕಿದ್ದಾರೆ, ಅದಕ್ಕೇ ಯಾವುದು ಕೆಲಸಕ್ಕೆ ಬಂತು ಯಾವುದು ಬರಲಿಲ್ಲ ಅಂತ ಬರೀತಿದೀನಿ.

ಮೊದಲು ಇದು ಯಾರದ್ದು ಅನ್ನೋದು ಗೊತ್ತಿರಲಿ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರೋ ಮಾರ್ಮನ್ ಚರ್ಚಿನವರು ನಡೆಸೋದು, 1894ರಲ್ಲಿ ಶುರುವಾದ ಸಂಸ್ಥೆ, 1938ರಿಂದ ಲೋಕದ ಬೇರೆ ಬೇರೆ ಕಡೆಯ ದಾಖಲೆಗಳನ್ನ ಮೈಕ್ರೋಫಿಲ್ಮ್ ಮಾಡ್ಕೊಂಡು ಬಂದಿದ್ದಾರೆ. ಕುಟುಂಬ ಸತ್ತ ಮೇಲೂ ಒಂದಾಗಿರಬೇಕು ಅನ್ನೋದು ಅವರ ನಂಬಿಕೆ, ಅದಕ್ಕೇ ಇಷ್ಟೆಲ್ಲಾ ಖರ್ಚು ಮಾಡಿ ಫ್ರೀ ಕೊಡ್ತಾರೆ. ಆ ಚರ್ಚಿನ ಸದಸ್ಯರು ತಮ್ಮ ತೀರಿಹೋದ ಹಿರಿಯರ ಹೆಸರಲ್ಲಿ ದೀಕ್ಷಾಸ್ನಾನ ಮಾಡಿಸೋ ಪದ್ಧತೀನೂ ಇದೆ. ಮನೇಲಿ ದೊಡ್ಡೋರಿಗೆ ಇದರ ಬಗ್ಗೆ ಮುಜುಗರ ಇದ್ರೆ ಮೊದಲೇ ಹೇಳಿ ಕೇಳಿ ಮಾಡಿ. ನಮ್ಮ ದೊಡ್ಡಪ್ಪ ಅಂತೂ ನಮ್ಮ ಹಿರಿಯರ ಹೆಸರು ಬರೆದಿಟ್ಟರೆ ಸಾಕು ಅಂದ್ರು.

ಆಪ್‌ನ ನಿಜವಾದ ಬಲ ಇರೋದು ಸಂಬಂಧ ಜೋಡಿಸೋದ್ರಲ್ಲಿ. ನಮ್ಮಲ್ಲಿ ಸೋದರಮಾವನ್ನ ಮದುವೆ ಆಗಿರ್ತಾರೆ, ಅತ್ತೆ ಮಗಳನ್ನ ತಂದಿರ್ತಾರೆ, ಒಬ್ಬಾಕೆ ಒಂದು ಕಡೆಯಿಂದ ಸೊಸೆ ಇನ್ನೊಂದು ಕಡೆಯಿಂದ ಮೊಮ್ಮಗಳು. ಪೇಪರ್ ಮೇಲೆ ಬರೆಯೋಕೆ ಕೂತ್ರೆ ಗೆರೆಗಳೆಲ್ಲ ಗೋಜಲು. ಇಲ್ಲಿ ಮರದಲ್ಲಿ ಮೊದಲೇ ಇರೋ ಇಬ್ಬರನ್ನ ಗಂಡ ಹೆಂಡತಿ ಅಂತ ಸೇರಿಸಬಹುದು, ದತ್ತು ತಗೊಂಡಿದ್ರೆ ದತ್ತು ಅಂತಾನೇ ಹಾಕಬಹುದು, ಹೆತ್ತವರು ಸಾಕಿದವರು ಇಬ್ಬರನ್ನೂ ತೋರಿಸತ್ತೆ. ಬೆಡಗು (ಗೋತ್ರದ ಥರ ಕುಲದ ಹೆಸರು), ಮನೆದೇವರು ಬರೆಯೋಕೆ ಕಸ್ಟಮ್ ಅಂತ ಜಾಗ ಇದೆ. ಇದನ್ನ ಬಿಡಬೇಡಿ, ಯಾಕಂದ್ರೆ ನಮ್ಮ ಮನೆಗಳಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟು ಇಟ್ಟು ಒಂದೇ ಹೆಸರಿನವರು ನಾಲ್ಕು ಜನ ಇರ್ತಾರೆ, ಯಾರು ಯಾರ ಮನೆಯವರು ಅಂತ ಮನೆದೇವರಿಂದಾನೇ ಗೊತ್ತಾಗೋದು. ಫೋಟೋ, ಆಡಿಯೋ ಕೂಡ ಹಾಕಬಹುದು. ನಮ್ಮ ಅತ್ತಿ ಮಾತಾಡಿದ್ದನ್ನ ರೆಕಾರ್ಡ್ ಮಾಡಿ ಹಾಕಿದೀನಿ. ಮುಂಬೈಗೆ ಹೋದ ಸಣ್ಣ ಆಯಿ, ಅಂದ್ರೆ ಸಣ್ಣ ಮುತ್ಯಾನ ಹೆಂಡತಿ, ಅವರ ತವರು ಯಾವುದು ಅಂತ ಮನೆಯ ಗಂಡಸರಿಗೆ ಯಾರಿಗೂ ಗೊತ್ತಿರಲಿಲ್ಲ, ಅತ್ತಿ ರೊಟ್ಟಿ ಬಡಿತಾ ಬಡಿತಾ "ಅಕೀ ತವರಮನಿ ಚಡಚಣ ಅಲ್ಲೇನೋ, ಅವರ ಅಣ್ಣ ಹೆಗಲ ಮ್ಯಾಲೆ ಹೊತ್ಕೊಂಡು ಬಂದು ಬಿಟ್ಟುಹೋಗಿದ್ದ, ಮದುವಿ ಆದಾಗ ಸಣ್ಣಾಕಿ" ಅಂದ್ರು. ಮದುವೆಯಾಗಿ ಬಂದಾಗ ಹೆಸರು ಬದಲಾಗಿತ್ತಂತೆ, ತವರಲ್ಲಿ ಬೇರೆ ಹೆಸರು. ಎರಡೂ ಹೆಸರು ಹಾಕೋಕೆ ಆಪ್‌ನಲ್ಲಿ ಜಾಗ ಇದೆ, ಎರಡೂ ಹಾಕಿ.

ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. ಇಲ್ಲಿ ನಿಮ್ಮದೇ ಅಂತ ಬೇರೆ ಮರ ಇರಲ್ಲ, ಇಡೀ ಲೋಕಕ್ಕೆ ಒಂದೇ ಮರ. ತೀರಿಹೋದವರ ವಿವರ ಯಾರು ಬೇಕಾದ್ರೂ ನೋಡಬಹುದು, ಯಾರು ಬೇಕಾದ್ರೂ ತಿದ್ದಬಹುದು. ಯಾರು ಏನು ಬದಲಾಯಿಸಿದ್ರು ಅಂತ ಹಿಸ್ಟರಿ ಇರತ್ತೆ, ವಾಪಸ್ ಹಳೇದಕ್ಕೆ ತರಬಹುದು, ಫಾಲೋ ಒತ್ತಿಟ್ರೆ ಬದಲಾವಣೆ ಆದಾಗ ತಿಳಿಸತ್ತೆ. ನೀವು ಸೇರಿಸಿದ ಬದುಕಿರೋರ ವಿವರ ಮಾತ್ರ ಮಾಮೂಲಿಯಾಗಿ ನಿಮಗಷ್ಟೇ ಕಾಣೋದು. ಇದು ನಂಗೆ ತುಂಬಾ ಹಿಡಿಸಿತು. ಮರವನ್ನ ಗೆಡ್‌ಕಾಮ್ ಫೈಲಾಗಿ (ವಂಶವೃಕ್ಷದ ಆಪ್‌ಗಳೆಲ್ಲ ಓದೋ ಫೈಲ್) ಇಳಿಸ್ಕೊಳ್ಳೋಕೆ ಮಾತ್ರ ಸೈಟಲ್ಲೇ ನೇರ ಬಟನ್ ಇಲ್ಲ, ರೂಟ್ಸ್‌ಮ್ಯಾಜಿಕ್ ತರಹದ ಬೇರೆ ಸಾಫ್ಟ್‌ವೇರ್ ಬೇಕು, ಅದೊಂದು ಕೊರತೆ.

ಇನ್ನು ದಾಖಲೆ ಹುಡುಕಾಟ. ಹರಿದ್ವಾರದ ಪಂಡಾಗಳು (ತೀರ್ಥಕ್ಷೇತ್ರದ ಪುರೋಹಿತರು) ಯಾತ್ರಿಕರ ವಂಶಾವಳಿ ಬರೆದಿಟ್ಟ ಬಹಿ ಪುಸ್ತಕಗಳ ಫೋಟೋ ಇದೆ, ಗೋವಾದ ಚರ್ಚ್ ರಿಜಿಸ್ಟರ್ ಇದೆ, ಕರಾವಳಿಯ ಕ್ರಿಶ್ಚಿಯನ್ ಮನೆತನದವರಿಗೆ ಅದು ಉಪಯೋಗಕ್ಕೆ ಬರಬಹುದು. ಕೆಜಿಎಫ್, ಬೆಂಗಳೂರು ದಂಡು ಕಡೆಯ ಆಂಗ್ಲೋ ಇಂಡಿಯನ್ನರಿಗೆ ಫಿಬಿಸ್ ಅಂತ ಬ್ರಿಟನ್ನಿನ ಬೇರೆ ಸೈಟ್ ಇದೆ, ಅದೂ ಚೆನ್ನಾಗಿದೆ. ಆದ್ರೆ ಹೊಲ ಉಳುತ್ತಿದ್ದ ಕನ್ನಡದ ಮನೆತನಕ್ಕೆ ಇವುಗಳಲ್ಲಿ ಹೆಚ್ಚೇನೂ ಸಿಗಲ್ಲ. ನಮ್ಮ ಹಿರಿಯರು ಬರವಣಿಗೆಯಲ್ಲಿ ಉಳಿದಿರೋದು ಜಮೀನಿನ ಕಾಗದದಲ್ಲಿ.

ಕರ್ನಾಟಕ ಸರ್ಕಾರದ ಜಮೀನು ದಾಖಲೆಗಳ ಭೂಮಿ ಸೈಟಿಗೆ ಹೋಗಿ, ಜಿಲ್ಲೆ ತಾಲೂಕು ಹೋಬಳಿ ಗ್ರಾಮ ಸರ್ವೆ ನಂಬರ್ ಹಾಕಿ ಪಹಣಿ ತೆಗೀರಿ. 9ನೇ ಕಾಲಂ ನೋಡಿ, ಅಲ್ಲಿ ಸ್ವಾಧೀನದಾರರ ಹೆಸರು ಅಪ್ಪನ ಹೆಸರು ಇರತ್ತೆ, ಹೆಂಗಸಿನ ಹೆಸರಲ್ಲಿದ್ರೆ ಗಂಡನ ಹೆಸರು. ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅಂತ ಇರತ್ತೆ, ವಾರಸಾನೋ ವಿಭಾಗನೋ ಕ್ರಯನೋ, ಜೊತೆಗೆ ಎಂ.ಆರ್. ನಂಬರ್, ಅಂದ್ರೆ ಜಮೀನಿನ ಹಕ್ಕು ಬದಲಾದದ್ದನ್ನ ಬರೆಯೋ ಮ್ಯುಟೇಷನ್ ರಿಜಿಸ್ಟರ್ ನಂಬರ್. ಬಹಳ ಜನ 9 ನೋಡಿ ಮುಚ್ಚಿಬಿಡ್ತಾರೆ, ನಮಗೆ ಬೇಕಾದ್ದು ಇರೋದು ಆ ನಂಬರಲ್ಲಿ. ವಾರಸಾ ಮ್ಯುಟೇಷನ್ ಅಂದ್ರೆ ಯಾರೋ ತೀರಿಕೊಂಡು ಅವರ ವಾರಸುದಾರರ ಹೆಸರು ಬರೆಸಿದ್ದಾರೆ ಅಂತ, ಅಲ್ಲಿ ಹೆಂಡತಿ ಮಕ್ಕಳ ಹೆಸರು ಸಾಲಾಗಿ ಬರತ್ತೆ. ಕಂಪ್ಯೂಟರ್ ಪಹಣಿ ಬಂದಿದ್ದು 2000ದ ಆಸುಪಾಸಲ್ಲಿ, ಅದಕ್ಕಿಂತ ಹಿಂದಿನ ಕೈಬರಹದ್ದು ಬೇಕಾದ್ರೆ ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಈಗ ಭೂ ಸುರಕ್ಷಾ ಅಂತ ಹಳೇ ಕಡತಗಳನ್ನ ಸ್ಕ್ಯಾನ್ ಮಾಡ್ತಿದ್ದಾರೆ, ತುಂಬಾ ಒಳ್ಳೇ ಕೆಲಸ, ಎಷ್ಟೋ ಕಾಗದ ಮುಟ್ಟಿದರೆ ಪುಡಿಯಾಗೋ ಸ್ಥಿತಿಯಲ್ಲಿದೆ.

ನಮ್ಮ ಹೊಲದ ಹಳೇ ಎಂ.ಆರ್. ನಕಲಿನಲ್ಲಿ ಸಣ್ಣ ಮುತ್ಯಾ ಮಯತ (ತೀರಿಹೋಗಿದ್ದಾರೆ) ಅಂತ ಇತ್ತು, ಕೆಳಗೆ ಸಣ್ಣ ಆಯಿ ಹೆಸರು, ಇಬ್ಬರು ಗಂಡುಮಕ್ಕಳ ಹೆಸರು, ವಯಸ್ಸು. ಅದರಲ್ಲಿ ಕಿರಿಯವನ ಹೆಸರು ನಮ್ಮ ಮನೇಲಿ ಯಾರೂ ಕೇಳಿರಲಿಲ್ಲ, ಮುಂಬೈಯಲ್ಲೇ ಹುಟ್ಟಿದವನು. ಅಂದ್ರೆ ಆಯಿ ಗಂಡ ತೀರಿಕೊಂಡ ಮೇಲೆ ಒಂದ್ಸಲ ತಾಲೂಕಿಗೆ ಬಂದು ಹೆಸರು ಬರೆಸಿ ಹೋಗಿದ್ರು. ಮುತ್ಯಾಗೆ ಇದು ಗೊತ್ತಿರಲೇಬೇಕು, ಆದ್ರೆ ಪಾಲಿನ ಜಗಳದಲ್ಲಿ ಮನೇಲಿ ಯಾರಿಗೂ ಹೇಳಿರಲಿಲ್ಲ. ಆ ಪೇಪರ್ ಓದಿ ನಮ್ಮಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನದು ಸುಲಭ ಆಯ್ತು. ಚುನಾವಣಾ ಆಯೋಗದ ಸೈಟಲ್ಲಿ ರಾಜ್ಯ, ಹೆಸರು, ತಂದೆ ಹೆಸರು, ವಯಸ್ಸು ಹಾಕಿ ಹುಡುಕೋ ಸೌಲಭ್ಯ ಇದೆ. ಎಂ.ಆರ್.ನಲ್ಲಿದ್ದ ವಯಸ್ಸನ್ನ ಇವತ್ತಿಗೆ ಲೆಕ್ಕ ಹಾಕಿ ಮಹಾರಾಷ್ಟ್ರ ಆರಿಸಿ ಹುಡುಕಿದಾಗ ಒಂದು ಹೆಸರು ತಂದೆ ಹೆಸರು ಅಡ್ಡಹೆಸರು ಸಮೇತ ಸರಿಹೊಂದಿತು, ಯಾವ ವಿಧಾನಸಭಾ ಕ್ಷೇತ್ರ ಅನ್ನೋದೂ ಬಂತು. ಆಮೇಲೆ ಅದೇ ಹೆಸರನ್ನ ಮರಾಠಿಯಲ್ಲಿ ಟೈಪ್ ಮಾಡಿ ಫೇಸ್‌ಬುಕ್ಕಲ್ಲಿ ಹುಡುಕಿದ್ರೆ ಅವರ ಮಗ ಸಿಕ್ಕಿದ. ಇಂಗ್ಲಿಷ್ ಸ್ಪೆಲಿಂಗಲ್ಲಿ ಹುಡುಕ್ತಾ ಕೂತ್ರೆ ಸಿಗಲ್ಲ, ಹೋದ ಊರಿನ ಲಿಪಿಯಲ್ಲಿ ಹುಡುಕಿ. ಮೆಸೇಜಲ್ಲಿ ಊರ ಹೆಸರು, ಮನೆದೇವರ ಹೆಸರು, ಆಯಿಯ ತವರು ಚಡಚಣ ಅಂತ ಬರೆದಿದ್ದೆ, ದುಡ್ಡು ಕೇಳೋ ಮೋಸದವರು ಅಂದ್ಕೋಬಾರದಲ್ಲ. ಆ ತವರಿನ ಮಾತು ಓದಿಯೇ ಅವರಪ್ಪ ಫೋನ್ ಮಾಡಿಸಿದ್ರಂತೆ.

ಇಲ್ಲೊಂದು ಮಾತು ಖಡಾಖಂಡಿತ ಹೇಳ್ತೀನಿ. ಪಹಣಿ ಹಿಡ್ಕೊಂಡು ನೆಂಟರನ್ನ ಹುಡುಕಿದ್ರೆ ಎರಡೂ ಕಡೆ ಮೊದಲು ಬರೋ ಯೋಚನೆ ಆಸ್ತಿ. ನಮ್ಮ ಕಾಕಾ "ಪಾಲು ಕೇಳ್ಕೊಂಡು ಬಂದ್ರ ಏನ್ ಮಾಡ್ತಿ" ಅಂದ್ರು, ಆ ಕಡೆಯವರು ಇವರು ಸಹಿ ಹಾಕಿಸ್ಕೊಳ್ಳೋಕೆ ಹುಡುಕ್ತಿದಾರೆ ಅಂದ್ಕೊಂಡಿದ್ರು. 9ನೇ ಕಾಲಂನಲ್ಲಿ ಅವರ ಹೆಸರು ಇದೆ, ಹಕ್ಕೂ ಇದೆ, ಅದನ್ನ ಮುಚ್ಚಿಡದೆ ಮೊದಲ ಫೋನಲ್ಲೇ ಹೇಳಿಬಿಡಿ. ನಾವು ಹೇಳಿದ್ವಿ, ಆಮೇಲೆ ಮಾತು ಸಲೀಸಾಯ್ತು.

ಹೆಳವರನ್ನ ಮರೀಬೇಡಿ. ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನ ತಲೆತಲಾಂತರದಿಂದ ಓದಿ ಹೇಳೋರು, ಒಂದೊಂದು ಮನೆತನಕ್ಕೂ ಗೊತ್ತಾದ ಹೆಳವರ ಮನೆ ಇರತ್ತೆ. ನಮ್ಮ ಮನೆಗೆ ಬರೋರ ಪುಸ್ತಕದಲ್ಲಿ ಪಹಣಿಗಿಂತ ಎಷ್ಟೋ ತಲೆಮಾರು ಹಿಂದಿನ ಹೆಸರು, ಯಾವ ಊರಿಂದ ಯಾವ ಊರಿಗೆ ಬಂದ್ವಿ ಅನ್ನೋದು ಇತ್ತು. ಅವರ ಒಪ್ಪಿಗೆ ತಗೊಂಡು, ಕೊಡಬೇಕಾದ ಕಾಣಿಕೆ ಕೈತುಂಬ ಕೊಟ್ಟು ಪುಟಗಳ ಫೋಟೋ ತೆಗೆದು ಆ ಹೆಸರುಗಳನ್ನ ಆಪ್‌ಗೆ ಹಾಕಿದೀನಿ. ಇದು ಅವರ ವಿದ್ಯೆ, ಪುಕ್ಕಟೆ ಕೇಳಬಾರದು.

ಡಿಎನ್‌ಎ ಟೆಸ್ಟ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಒಂದೇ ಅಜ್ಜ ಅಜ್ಜಿಯ ಬೇರೆ ಬೇರೆ ಮಕ್ಕಳಿಗೆ ಹುಟ್ಟಿದ ಮೊಮ್ಮಕ್ಕಳ ಮಧ್ಯೆ ಸುಮಾರು 12.5 ಪರ್ಸೆಂಟ್ ಹೊಂದಿಕೆ ಬರತ್ತೆ ಅನ್ನೋದು ಲೆಕ್ಕ, ಆದ್ರೆ ಒಳಗೊಳಗೇ ಮದುವೆ ಆಗ್ತಾ ಬಂದಿರೋ ನಮ್ಮಂಥ ಮನೆತನಗಳಲ್ಲಿ ದೂರದವರೂ ಹತ್ತಿರದವರ ಹಾಗೆ ಕಾಣ್ತಾರೆ, ಅದೂ ಅಲ್ಲದೆ ನಿಮ್ಮ ನೆಂಟರೂ ಅದೇ ಕಂಪನಿಯಲ್ಲಿ ಟೆಸ್ಟ್ ಮಾಡಿಸಿರಬೇಕು. 23ಆಂಡ್‌ಮಿ ಅನ್ನೋ ಡಿಎನ್‌ಎ ಟೆಸ್ಟ್ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾಯ್ತು, 2025ರ ಮಾರ್ಚಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ನಾನಂತೂ ಮಾಡಿಸಲ್ಲ. ಮೈಹೆರಿಟೇಜ್ ಅಂತ ಇನ್ನೊಂದು ವಂಶವೃಕ್ಷದ ಆಪ್ ನೋಡೋಕೆ ಚೆಂದ ಇದೆ, ಆದ್ರೆ ಫ್ರೀಯಲ್ಲಿ 250 ಜನರನ್ನ ಮಾತ್ರ ಸೇರಿಸಬಹುದು, ನಮ್ಮ ಕಡೆ ಒಂದು ಮದುವೆ ಮನೆಯವರನ್ನ ಬರೆಯೋಕೂ ಅದು ಸಾಲಲ್ಲ.

ಹಾಗಾಗಿ ಫ್ಯಾಮಿಲಿಸರ್ಚ್‌ಗೆ ಬರೆದಿಡೋ ಕೆಲಸಕ್ಕೆ ಐದಕ್ಕೆ ಐದು, ನಮ್ಮವರ ದಾಖಲೆ ಹುಡುಕೋದಕ್ಕೆ ಐದಕ್ಕೆ ಒಂದು. ಭೂಮಿ ಪಹಣಿಗೆ ನಾಲ್ಕು, ಸರ್ವೆ ನಂಬರ್ ಗೊತ್ತಿಲ್ಲದಿದ್ರೆ ಹಳೇ ಕಂದಾಯ ರಶೀದಿ ಹುಡುಕಿ, ಅದರಲ್ಲಿ ಇರತ್ತೆ.