ಐದು ದಾರಿ, ಒಂದು ಮಲಗಿದ ನೆಟ್‌ವರ್ಕ್ ಕಾರ್ಡು

ಪುಸ್ತಕಗಳ ಪುಟವಿನ್ಯಾಸ ನನ್ನ ಕೆಲಸ. ಚಾಮರಾಜಪೇಟೆಯ ಹಳೆಯ ಮನೆಯ ನಡುಮನೆಯಲ್ಲಿ ಕುಳಿತು ಪುಟ ಕಟ್ಟುತ್ತೇನೆ, ಎರಡು ಬೀದಿ ಆಚೆಯ ಮುದ್ರಣಾಲಯಕ್ಕೆ ಕಳುಹಿಸುತ್ತೇನೆ. ಬಣ್ಣದ ಚಿತ್ರಗಳಿರುವ ಪುಸ್ತಕವಾದರೆ ಫೈಲು 800 ಎಂಬಿ ದಾಟುತ್ತದೆ. ನಮ್ಮ ಮನೆಯ 50 ಎಂಬಿಪಿಎಸ್ ಸಂಪರ್ಕದಲ್ಲಿ ಅದು ಹೋಗಿ ಮುಟ್ಟಲು ಎರಡು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ಆ ಎರಡು ನಿಮಿಷ ತುಂಬುವ ಮೊದಲೇ ಕಂಪ್ಯೂಟರನ್ನು ಕೇಬಲಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡು (ನಮ್ಮದರಲ್ಲಿ ಅದು ಮದರ್‌ಬೋರ್ಡಿನ ಮೇಲೇ ಇರುವ ಚಿಪ್ಪು) ಮಲಗಿಬಿಡತೊಡಗಿತು.

ಮಲಗುವುದೆಂದರೆ ಬರೀ ಇಂಟರ್ನೆಟ್ ಹೋಗುವುದಲ್ಲ. ಕೇಬಲ್ ಸಿಕ್ಕಿಸುವ ಕಿಂಡಿಯ ಪಕ್ಕದ ಹಸಿರು ದೀಪ ಆರುತ್ತಿತ್ತು. ವಿಂಡೋಸಿನಲ್ಲಿ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರಿನ ಮುಂದೆ ಹಳದಿ ಗುರುತು, ಸಾಧನ ಶುರುವಾಗುತ್ತಿಲ್ಲ ಎನ್ನುವ ‘ಕೋಡ್ 10’ ಸಂದೇಶ. ಕೆಲವೊಮ್ಮೆ ಹೆಸರೇ ಮಾಯ. ರೀಸ್ಟಾರ್ಟ್ ಮಾಡಿದರೂ ಏಳುತ್ತಿರಲಿಲ್ಲ. ಮೇಜಿನ ಕೆಳಗೆ ತೂರಿ, ಯುಪಿಎಸ್‌ನಿಂದ ಪ್ಲಗ್ ಕಿತ್ತು, ಅರವತ್ತರವರೆಗೆ ಎಣಿಸಿ ಮತ್ತೆ ಸಿಕ್ಕಿಸಬೇಕು. ಅದಕ್ಕೆ ಕಾರಣವಿದೆ. ಕಂಪ್ಯೂಟರ್ ಆರಿಸಿದರೂ ಪ್ಲಗ್ ಇರುವಷ್ಟು ಹೊತ್ತು ಪವರ್ ಸಪ್ಲೈ ಮದರ್‌ಬೋರ್ಡಿಗೆ 5 ವೋಲ್ಟ್ ವಿದ್ಯುತ್ತನ್ನು ಕೊಡುತ್ತಲೇ ಇರುತ್ತದೆ. ನೆಟ್‌ವರ್ಕ್ ಕಾರ್ಡು ಅದನ್ನು ಕುಡಿದುಕೊಂಡು ಎಚ್ಚರವಾಗಿರುತ್ತದೆ. ತಲೆಕೆಟ್ಟ ಸ್ಥಿತಿಯಲ್ಲಿ ಸಿಕ್ಕಿಕೊಂಡ ಕಾರ್ಡಿಗೆ ಅದೂ ನಿಂತರೆ ಮಾತ್ರ ನೆನಪು ಅಳಿಸಿ ಹೊಸದಾಗಿ ಎಚ್ಚರವಾಗುತ್ತದೆ. ದಿನಕ್ಕೆ ನಾಲ್ಕು ಸಲ ನಾನು ಮೇಜಿನ ಕೆಳಗೆ ಬಗ್ಗುವುದನ್ನು ನೋಡಿದ ಅಮ್ಮ, “ದೇವರ ಮುಂದೆಯೂ ನೀನು ಇಷ್ಟು ಸಲ ಅಡ್ಡಬಿದ್ದವಳಲ್ಲ” ಎಂದರು.

ಹಾಗಾಗಿ ಪರಿಹಾರಗಳನ್ನು ಹೋಲಿಸಲು ಹೊರಟಾಗ ವೇಗ ನನ್ನ ಮೊದಲ ಅಳತೆಗೋಲಾಗಿರಲಿಲ್ಲ. ಬೀಳುತ್ತದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಬಿದ್ದರೆ ತಾನಾಗಿ ಏಳುತ್ತದೆಯೋ ಅಥವಾ ನಾನು ಬಗ್ಗಬೇಕೋ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಹಣ ಖರ್ಚು ಮಾಡುವ ಮೊದಲು ಕೇಬಲ್ ಮತ್ತು ರೂಟರಿನ ಮೇಲಿನ ಸಂಶಯ ತೀರಿಸಿಕೊಂಡೆ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಕೇಬಲಿನೊಳಗಿನ ಎಂಟೂ ತಂತಿಗಳು, ಅಂದರೆ ನಾಲ್ಕು ಜೋಡಿಗಳು ಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಬಾಗಿಲಿಗೆ ಸಿಕ್ಕಿಯೋ ಇಲಿ ಕಡಿದೋ ಒಂದು ತಂತಿ ಹೋದರೆ ಸಂಪರ್ಕ ಸಾಮಾನ್ಯವಾಗಿ 1000ದಿಂದ 100ಕ್ಕೆ ಇಳಿಯುತ್ತದೆ. ನಮ್ಮದು 1000ವನ್ನೇ ತೋರಿಸುತ್ತಿತ್ತು. ಅದೇ ಕೇಬಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದು ದಿನ ಓಡಿಸಿದೆ, ಏನೂ ಆಗಲಿಲ್ಲ. ಮೇ ತಿಂಗಳ ಗುಡುಗು ಮಳೆಯ ಮೇಲೂ ಅನುಮಾನವಿತ್ತು. ಪಕ್ಕದ ಮನೆಗೆ ಇಂಟರ್ನೆಟ್ ಬರುವುದು ತಾರಸಿಯ ಪೆಟ್ಟಿಗೆಯಿಂದ ಇಳಿಬಿಟ್ಟ ತಾಮ್ರದ ಕೇಬಲಿನಲ್ಲಿ, ಅವರ ರೂಟರಿನ ಕಿಂಡಿ ಸಿಡಿಲಿಗೆ ಸುಟ್ಟೇಹೋಯಿತು. ನಮ್ಮಲ್ಲಿ ಒಳಗೆ ಬರುವುದು ಫೈಬರ್, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಗೋಡೆಯ ಪ್ಲಗ್ಗಿನಿಂದ ಪೆಟ್ಟು ಬಿದ್ದಿರಬಹುದು ಎಂಬ ಶಂಕೆಯನ್ನು ಮಾತ್ರ ಇಂದಿಗೂ ಪೂರ್ತಿ ಬಿಟ್ಟಿಲ್ಲ.

ಪರೀಕ್ಷೆ ಎಲ್ಲದಕ್ಕೂ ಒಂದೇ. ಹಳೆಯ ಪುಸ್ತಕಗಳ 20 ಜಿಬಿ ಫೋಲ್ಡರನ್ನು ರೂಟರಿಗೆ ಅಂಟಿಕೊಂಡ ಲ್ಯಾಪ್‌ಟಾಪಿಗೆ ಹತ್ತು ಸಲ ಕಳುಹಿಸುವುದು. ಜೊತೆಗೆ ಇನ್ನೊಂದು ಕಿಟಕಿಯಲ್ಲಿ ರೂಟರಿನ ವಿಳಾಸಕ್ಕೆ ಪಿಂಗ್ (‘ಇದ್ದೀಯಾ’ ಎಂದು ಮತ್ತೆ ಮತ್ತೆ ಕೇಳುವ ಸಣ್ಣ ಸಂದೇಶ) ಬಿಟ್ಟುಕೊಂಡಿರುವುದು. ಹೊರಗಿನ ಜಾಲತಾಣಕ್ಕಲ್ಲ, ರೂಟರಿಗೇ. ಹೊರಗೆ ಪಿಂಗ್ ಮಾಡಿದರೆ ಕಾರ್ಡು ಬಿದ್ದಿತೋ ಬೀದಿಯಲ್ಲಿ ಯಾರೋ ಮರದ ಕೊಂಬೆಯ ಜೊತೆ ಫೈಬರನ್ನೂ ಕತ್ತರಿಸಿದರೋ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಎರಡನೆಯದೂ ಅಪರೂಪವೇನಲ್ಲ.

ಮೊದಲ ದಾರಿ ಪುಕ್ಕಟೆ: ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬದಲಿಸುವುದು ಮತ್ತು ಸೆಟ್ಟಿಂಗ್ ತಿದ್ದುವುದು. ನನ್ನ ಅರ್ಧಕ್ಕಿಂತ ಹೆಚ್ಚು ಸಮಯವನ್ನು ತಿಂದದ್ದು ಇದೇ, ಕಲಿಸಿದ್ದೂ ಇದೇ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆರೆದು ‘ಸಿಸ್ಟಮ್’ ದಾಖಲೆ ನೋಡಿದೆ. ಪ್ರತಿ ಸಲ ಬಿದ್ದ ನಿಮಿಷದಲ್ಲೂ 10400 ಎಂಬ ಸಂಖ್ಯೆಯ ನಮೂದು ಇತ್ತು. ಕಾರ್ಡನ್ನು ವಿಂಡೋಸ್ ಮರುಸ್ಥಾಪಿಸಲು ಹೊರಟಿದೆ, ಯಂತ್ರಾಂಶ ಆದೇಶಕ್ಕೆ ಉತ್ತರ ಕೊಡುತ್ತಿಲ್ಲ ಎಂಬುದು ಅದರ ಸಾರ. ಬೀಳುತ್ತಿರುವುದು ಇಂಟರ್ನೆಟ್ ಅಲ್ಲ, ಕಾರ್ಡೇ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಸಂಪರ್ಕ ಕೊಟ್ಟವರ ಸಹಾಯವಾಣಿಗೆ ನಾನು ಮಾಡಿದ ಆರು ಕರೆಗಳೂ ವ್ಯರ್ಥವೆಂದು ಆಗ ಗೊತ್ತಾಯಿತು.

ಡ್ರೈವರನ್ನು ವಿಂಡೋಸ್ ತಾನಾಗಿ ಹಾಕಿದ್ದರಿಂದ ತಯಾರಕರ ತಾಣದಲ್ಲಿದ್ದ ಹೊಸದಕ್ಕೆ ಬದಲಿಸಿದೆ. ಮೂರನೆಯ ಪ್ರತಿಯಲ್ಲಿ ಸಾಯುತ್ತಿದ್ದ ಕಾರ್ಡು ಐದನೆಯದರಲ್ಲಿ ಸತ್ತಿತು. ಆಮೇಲೆ ಕೈ ಹಾಕಿದ್ದು ವಿದ್ಯುತ್ ಉಳಿಸುವ ಸೆಟ್ಟಿಂಗುಗಳಿಗೆ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟಕ್ಕೆ ಹೋದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸುವ ಅನುಮತಿಯನ್ನು ಕಂಪ್ಯೂಟರಿಗೆ ಕೊಡುವ ಚೌಕವಿರುತ್ತದೆ. ಅದರ ಗುರುತು ತೆಗೆದೆ. ‘ಅಡ್ವಾನ್ಸ್ಡ್’ ಪುಟದಲ್ಲಿ ‘ಎನರ್ಜಿ ಎಫಿಶಿಯೆಂಟ್ ಈಥರ್ನೆಟ್’, ‘ಗ್ರೀನ್ ಈಥರ್ನೆಟ್’ ಎಂಬ ಎರಡನ್ನೂ ನಿಲ್ಲಿಸಿದೆ. 2010ರಲ್ಲಿ 802.3ಎಝಡ್ ಎಂಬ ಮಾನಕವಾಗಿ ಬಂದ ಈ ಮೊದಲನೆಯ ಏರ್ಪಾಡಿನಲ್ಲಿ, ಮಾತಿಲ್ಲದ ಗಳಿಗೆಯಲ್ಲಿ ಕಾರ್ಡು ಮತ್ತು ರೂಟರ್ ಎರಡೂ ತೂಕಡಿಸುತ್ತವೆ, ಮಾತು ಬಂದ ಕೂಡಲೇ ಏಳುತ್ತವೆ. ಒಂದು ಏಳುವ ಹೊತ್ತಿಗೆ ಇನ್ನೊಂದು ಏಳದಿದ್ದರೆ ತಕರಾರು. ಉಳಿಯುವ ವಿದ್ಯುತ್ತೋ ಅರ್ಧ ವ್ಯಾಟಿನ ಲೆಕ್ಕ. ಮನೆಯ ಮೇಜಿನ ಕಂಪ್ಯೂಟರಿನಲ್ಲಿ ಇದನ್ನು ನಿಲ್ಲಿಸಿಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಹತ್ತು ಪ್ರತಿಗಳೂ ಹೋದವು! ಆ ಸಂಜೆ ಗಾಂಧಿಬಜಾರಿನಲ್ಲಿ ದೋಸೆ ತಿಂದು ಬಂದೆ. ನಾಲ್ಕನೆಯ ದಿನ, ಮಕ್ಕಳ ಪುಸ್ತಕವೊಂದನ್ನು ಕಳುಹಿಸುವಾಗ, ದೀಪ ಮತ್ತೆ ಆರಿತು.

ಆಗ ಮಾಡಿದ್ದು ಉಬುಂಟು (ವಿಂಡೋಸಿನ ಬದಲು ಬಳಸಬಹುದಾದ ಇನ್ನೊಂದು ಕಾರ್ಯವ್ಯವಸ್ಥೆ) ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ ಅದೇ ಪರೀಕ್ಷೆ. ಡಿಸ್ಕಿಗೆ ಏನನ್ನೂ ಅಳವಡಿಸಬೇಕಿಲ್ಲ, ವಿಂಡೋಸಿನ ನೆರಳೂ ಬೀಳುವುದಿಲ್ಲ. ಅಲ್ಲಿಯೂ ಆರನೆಯ ಪ್ರತಿಯಲ್ಲಿ ಸತ್ತಿತು, ಉಬುಂಟುವಿನ ತಿರುಳಾದ ಕರ್ನಲ್‌ನ ದಾಖಲೆಯಲ್ಲಿ ಕಳುಹಿಸುವ ಸಾಲು ಕಾಲಮೀರಿ ನಿಂತಿದೆ ಎಂಬ ಎಚ್ಚರಿಕೆ ಬಂತು. ಎರಡು ಬೇರೆ ವ್ಯವಸ್ಥೆ, ಎರಡು ಬೇರೆ ಡ್ರೈವರ್, ಒಂದೇ ಸಾವು. ದೋಷ ಬೋರ್ಡಿನ ಮೇಲಿನ ಚಿಪ್ಪಿನಲ್ಲೇ ಇದೆ ಎಂದು ಒಪ್ಪಿಕೊಂಡೆ. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು. ನಿಮ್ಮಲ್ಲಿ ಉಬುಂಟುವಿನಲ್ಲಿ ಸಾಯದೆ ವಿಂಡೋಸಿನಲ್ಲಿ ಮಾತ್ರ ಸಾಯುತ್ತಿದ್ದರೆ ಮುಂದಿನ ಯಾವ ಖರ್ಚನ್ನೂ ಸದ್ಯಕ್ಕೆ ಮಾಡಬೇಡಿ, ಡ್ರೈವರಿನ ಬೆನ್ನು ಹತ್ತಿ.

ಎರಡನೆಯದು ಮೊಬೈಲು. ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ (ಮೊಬೈಲಿನ ನೆಟ್ಟನ್ನು ಹಂಚುವ ಗುಂಡಿ) ಒತ್ತಿದರೆ ಕಂಪ್ಯೂಟರಿನ ಕಣ್ಣಿಗೆ ಅದೂ ಒಂದು ನೆಟ್‌ವರ್ಕ್ ಕಾರ್ಡೇ. ಮೊದಲ ದಿನ ಎರಡು ಪುಸ್ತಕ ಕಳುಹಿಸುವಷ್ಟರಲ್ಲಿ ದಿನದ 2 ಜಿಬಿ ಮಿತಿ ತಳ ಕಂಡಿತು. ಆಮೇಲೆ ತಿಳಿದದ್ದು ಇಷ್ಟು: ಆಂಡ್ರಾಯ್ಡ್ ಮೊಬೈಲು ಮನೆಯ ವೈ-ಫೈಗೆ ಅಂಟಿಕೊಂಡಿರುವಾಗಲೇ ಯುಎಸ್‌ಬಿ ಟೆದರಿಂಗ್ ಹಾಕಿದರೆ ಅದು ವೈ-ಫೈಯನ್ನೇ ಕಂಪ್ಯೂಟರಿಗೆ ದಾಟಿಸುತ್ತದೆ, ಸಿಮ್ಮಿನ ಡೇಟಾ ಮುಟ್ಟುವುದಿಲ್ಲ. ಹೊಸ ಡ್ರೈವರ್ ಇಳಿಸಿಕೊಳ್ಳಲು ನೆಟ್ಟೇ ಇಲ್ಲದ ಇಕ್ಕಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣಲಿಲ್ಲ. ಆದರೆ ಮೊಬೈಲಿಗೆ ಕರೆ ಬಂದಾಗ ಕೈಗೆತ್ತಿಕೊಂಡು ಅಡುಗೆಮನೆಗೆ ನಡೆಯುವ ಅಭ್ಯಾಸ ನನ್ನದು. ತಂತಿ ಕಳಚಿ, ಮುಕ್ಕಾಲು ಹೋದ ಫೈಲು ಅಲ್ಲಿಗೇ ನಿಂತಿತು. ಇದನ್ನು ಕಾರ್ಡಿನ ತಪ್ಪು ಎನ್ನಲಾಗದು.

ಉಳಿದ ಮೂರಕ್ಕಾಗಿ ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆಗೆ ಹೋದೆ. ಸದರ್ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಆಟೋದವರಿಗೆ ಹೇಳಿದರೆ ಒಂದು ಗಳಿಗೆ ಯೋಚಿಸುತ್ತಾರೆ. ಕಾರ್ಡು ಕೇಳಿದಾಗ ಅಂಗಡಿಯಾತ ಬೆಲೆ ಹೇಳುವ ಮೊದಲು, “ಮೇಡಂ, ನಿಮ್ಮ ಸಿಪಿಯು ದಪ್ಪದ್ದೋ ತೆಳ್ಳಗಿನದೋ?” ಎಂದರು. ಒಳ್ಳೆಯ ಪ್ರಶ್ನೆ. ಕಚೇರಿಗಳಿಂದ ಹಳತಾಗಿ ಬರುವ ತೆಳ್ಳಗಿನ ಡಬ್ಬಿಗಳಿಗೆ ಗಿಡ್ಡ ತಗಡಿನ ಪಟ್ಟಿ ಬೇಕು, ಉದ್ದದ ಪಟ್ಟಿಯಿರುವ ಕಾರ್ಡು ಅಲ್ಲಿ ಕೂರುವುದಿಲ್ಲ. ಎರಡೂ ಪಟ್ಟಿಗಳಿರುವ ಪೊಟ್ಟಣ ಕೇಳಿ ತಂದೆ. ಡಬ್ಬಿಯೊಳಗಿನ ಸ್ಲಾಟಿನಲ್ಲಿ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಕಾರ್ಡಿಗೆ 850 ರೂಪಾಯಿ, ಕೇಬಲನ್ನು ಯುಎಸ್‌ಬಿ ಕಿಂಡಿಗೆ ಜೋಡಿಸುವ ಯುಎಸ್‌ಬಿ 3.0 ಈಥರ್ನೆಟ್ ಅಡಾಪ್ಟರಿಗೆ 1,200, ಯುಎಸ್‌ಬಿ ಕಿಂಡಿಗೇ ಸಿಕ್ಕಿಸಿ ವೈ-ಫೈ ಹಿಡಿಯುವ ಡಾಂಗಲ್‌ಗೆ 700. 2.5 ಗಿಗಾಬಿಟ್‌ನ ಕಾರ್ಡೂ ಇತ್ತು. ನನ್ನ ರೂಟರಿನ ಕಿಂಡಿ ಗಿಗಾಬಿಟ್‌ನದು, ಹೊರಗಿನ ಸಂಪರ್ಕ 50 ಎಂಬಿಪಿಎಸ್‌ನದು, ಬೇಡವೆಂದೆ.

ಡಾಂಗಲ್ಲಿನ ಕತೆ ಬೇಗ ಮುಗಿಯುತ್ತದೆ. ಅದು ಒಮ್ಮೆಯೂ ಸಾಯಲಿಲ್ಲ, ಆದರೆ ಬದುಕಿದ್ದೂ ಪ್ರಯೋಜನವಾಗಲಿಲ್ಲ. ರೂಟರ್ ಪಕ್ಕದ ಕೋಣೆಯಲ್ಲಿದೆ, ನಡುವೆ ಒಂದೂವರೆ ಅಡಿ ದಪ್ಪದ ಹಳೆಯ ಗೋಡೆ. 5 ಗಿಗಾಹರ್ಟ್ಸ್ ಅಲೆ ಅಲ್ಲಿ ಸೊರಗುತ್ತದೆ. 2.4ರಲ್ಲಿ ಗೋಡೆ ದಾಟುತ್ತದೆ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. ಸಂಜೆ ಏಳಕ್ಕೆ ನಮ್ಮ ಮನೆಯಿಂದ ಕಾಣುವ ನೆರೆಯವರ ವೈ-ಫೈಗಳು ಇಪ್ಪತ್ತಮೂರು. ತಂತಿಯಲ್ಲಿ ಮೂರು ನಿಮಿಷ ಹಿಡಿಯುವ 20 ಜಿಬಿ ಇಲ್ಲಿ ನಲವತ್ತು ನಿಮಿಷ ತೆಗೆದುಕೊಂಡಿತು. ಹಿಂಬದಿಯಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಪಕ್ಕದಲ್ಲೇ ಇದ್ದಾಗ ಇನ್ನೂ ನಿಧಾನ. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸಿನ ಸುತ್ತ ಗದ್ದಲ ಎಬ್ಬಿಸುತ್ತವೆ. ಡಾಂಗಲ್ಲನ್ನು ಒಂದು ಮೊಳ ಎಕ್ಸ್‌ಟೆನ್ಶನ್ ತಂತಿಯಲ್ಲಿ ದೂರ ಇಟ್ಟ ಮೇಲೆ ಆ ಕಾಟ ತಗ್ಗಿತು. ರೂಟರ್ ಇರುವ ಕೋಣೆಯಲ್ಲೇ ಕುಳಿತು ಕೆಲಸ ಮಾಡುವವರಿಗೆ ಇದು ಸಾಕಾಗಬಹುದು.

ಯುಎಸ್‌ಬಿ ಅಡಾಪ್ಟರಿನ ಬಗ್ಗೆ ನನಗೆ ತಾತ್ಸಾರವಿತ್ತು. ಬೆರಳುದ್ದದ ವಸ್ತು, ಬಾಲದಂತೆ ಜೋತಾಡುತ್ತದೆ. ಡಬ್ಬಿಯ ಮುಂಬದಿಯ ಯುಎಸ್‌ಬಿ 2.0 ಕಿಂಡಿಗೆ ಹಾಕಿದಾಗ 20 ಜಿಬಿಗೆ ಒಂಬತ್ತು ನಿಮಿಷ ಬೇಕಾಯಿತು. ಆ ಕಿಂಡಿಯ ಮಿತಿಯೇ 480 ಎಂಬಿಪಿಎಸ್ ಆದ್ದರಿಂದ ಅದು ಅಡಾಪ್ಟರಿನ ತಪ್ಪಲ್ಲ. ಆದರೆ ಎರಡು ಸಲ ಸಂಪರ್ಕ ಕಡಿದೂ ಬಿಟ್ಟಿತು. ಮುಂಬದಿಯ ಕಿಂಡಿಯಿಂದ ಬೋರ್ಡಿಗೆ ಒಳಗೊಂದು ಉದ್ದನೆಯ ತಂತಿ ಹೋಗಿರುತ್ತದೆ, ನಮ್ಮದು ಸಡಿಲವಾಗಿತ್ತು. ಹಿಂಬದಿಯ ನೀಲಿ ಯುಎಸ್‌ಬಿ 3.0 ಕಿಂಡಿಗೆ ಬದಲಿಸಿದ ಮೇಲೆ ಮೂರೇ ನಿಮಿಷ, ಹತ್ತಕ್ಕೆ ಹತ್ತು. ಮುಟ್ಟಿದರೆ ಬಿಸಿ, ಆಗಷ್ಟೇ ಕಾಫಿ ಸುರಿದ ಲೋಟದ ಹೊರಮೈಯಷ್ಟು. ನನಗೆ ಮೆಚ್ಚುಗೆಯಾದದ್ದು ಬಿದ್ದಾಗಿನ ನಡವಳಿಕೆ. ಕಿತ್ತು ಮತ್ತೆ ಸಿಕ್ಕಿಸಿದರೆ ಮೂರು ಎಣಿಸುವಷ್ಟರಲ್ಲಿ ನೆಟ್ ಬರುತ್ತದೆ. ಪ್ಲಗ್ ಬೇಡ, ರೀಸ್ಟಾರ್ಟ್ ಬೇಡ, ತೆರೆದಿಟ್ಟ ಪುಟಗಳನ್ನು ಮುಚ್ಚುವುದೂ ಬೇಡ.

ಒಳಗೆ ಕೂರಿಸುವ ಕಾರ್ಡಿಗೆ ಕೈಕೆಲಸ ಬೇಕು. ಪ್ಲಗ್ ಕಿತ್ತು, ಡಬ್ಬಿಯ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿ, ಒಂದು ಸ್ಕ್ರೂ ಬಿಚ್ಚಿ ಕೂರಿಸಿದೆ. ಧೂಳು ಒರೆಸಿದ್ದು ಸೇರಿ ಹದಿನೈದು ನಿಮಿಷ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ತಾಗದಂತೆ ಕೆಳಗಿನ ಸ್ಲಾಟನ್ನು ಆರಿಸಿಕೊಂಡೆ. ಹತ್ತು ಪ್ರತಿ, ಮರುದಿನ ಇಪ್ಪತ್ತು, ಆಮೇಲೆ ಎರಡು ತಿಂಗಳ ನಿಜವಾದ ಕೆಲಸ. 10400 ಮತ್ತೆ ಕಾಣಿಸಿಲ್ಲ. ಇದರ ಮೇಲಿನ ನನ್ನ ಒಂದೇ ದೂರು, ಎಂದಾದರೂ ಬಿದ್ದರೆ ಮತ್ತೆ ಅದೇ ಮೇಜಿನ ಕೆಳಗಿನ ಸಾಷ್ಟಾಂಗವೇ ಗತಿ. ಹಾಗಾಗಿ ದಿನದ ಕೆಲಸಕ್ಕೆ ಒಳಗಿನ ಕಾರ್ಡು, ಮೇಜಿನ ಖಾನೆಯಲ್ಲಿ ಯುಎಸ್‌ಬಿ ಅಡಾಪ್ಟರ್ ಎಂದು ತೀರ್ಮಾನಿಸಿದೆ. ಎರಡರಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ಅಡಾಪ್ಟರನ್ನೇ ಕೊಳ್ಳುತ್ತಿದ್ದೆ. 350 ರೂಪಾಯಿ ಹೆಚ್ಚಾದರೂ ಅದು ಲ್ಯಾಪ್‌ಟಾಪಿಗೂ ಆಗುತ್ತದೆ, ಮುಂದಿನ ಕಂಪ್ಯೂಟರಿಗೂ ಆಗುತ್ತದೆ.

ಬೋರ್ಡಿನ ಹಳೆಯ ಕಾರ್ಡನ್ನು ಬಯೋಸಿನಲ್ಲೇ (ವಿಂಡೋಸಿಗೂ ಮೊದಲು ಏಳುವ, ಬೋರ್ಡಿನ ಸ್ವಂತ ಸೆಟ್ಟಿಂಗಿನಲ್ಲೇ) ನಿಷ್ಕ್ರಿಯಗೊಳಿಸಿ, ಅದರ ಕಿಂಡಿಗೆ ಕಾಗದದ ಟೇಪು ಅಂಟಿಸಿದೆ. ಕಳೆದ ವಾರ ಫೈಬರ್ ಪೆಟ್ಟಿಗೆಯನ್ನು ಗೋಡೆಯ ಇನ್ನೊಂದು ಬದಿಗೆ ಸರಿಸಲು ಹುಡುಗನೊಬ್ಬ ಬಂದಿದ್ದ. ಕೆಲಸ ಮುಗಿಸಿ ಹೋದ ಮೇಲೆ ನೆಟ್ ಇಲ್ಲ, ದೀಪ ಇಲ್ಲ. ಡ್ರೈವರ್ ನೋಡಿದೆ, ರೂಟರ್ ಆರಿಸಿ ಹಾಕಿದೆ, ಪ್ಲಗ್ ಕಿತ್ತು ಅರವತ್ತು ಎಣಿಸಿದೆ. ಇಪ್ಪತ್ತು ನಿಮಿಷದ ನಂತರ ಟಾರ್ಚ್ ಹಿಡಿದು ಹಿಂಬದಿಗೆ ಬಗ್ಗಿದಾಗ ಟೇಪನ್ನು ನೀಟಾಗಿ ಬಿಡಿಸಿ ಪಕ್ಕಕ್ಕೆ ಅಂಟಿಸಿದ್ದು ಕಾಣಿಸಿತು, ಕೇಬಲ್ ಹಳೆಯ ಕಿಂಡಿಯಲ್ಲಿತ್ತು.